ಅಜ್ಜನ ಜೋಡಿ ನಳಿಗೆ ಕೋವಿಗೆ ಯಾವ ತೋಟಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗು ಮತ್ತು ಮಲೆನಾಡಿನ ಹಳೇ ಮನೆಗಳಲ್ಲಿ ಜೋಡಿ ನಳಿಗೆ ತೋಟಾ (ಕಾರ್ಟ್ರಿಜ್) ಕೋವಿ ಇರುವುದು ಹೊಸದೇನಲ್ಲ. ಅದರಲ್ಲಿ ಎಷ್ಟೋ ಕೋವಿಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲೋ ಬೆಲ್ಜಿಯಂನ ಲಿಯೇಜ್‌ನಲ್ಲೋ ತಯಾರಾಗಿ, ತೋಟದ ದೊರೆಗಳ ಕೈ ದಾಟಿ, ನಮ್ಮ ಅಜ್ಜಂದಿರ ಕೈಗೆ ಬಂದವು. ಕೋವಿ ಮಾಡಿದವನು ಒಂದು ತೋಟಾವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದ. ನಾವು ಇವತ್ತು ಅಂಗಡಿಯಿಂದ ತರುವ ತೋಟಾ ಬೇರೆ. ತೊಂದರೆ ಶುರುವಾಗುವುದು ಅಲ್ಲೇ. ಮದುವೆಮನೆಯಲ್ಲಿ, ಫೋನಿನಲ್ಲಿ, ಕಾಗದದಲ್ಲಿ ನನ್ನನ್ನು ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ.

## ಮೊದಲು ತಿಳಿಯಬೇಕಾದ್ದು

ಟ್ವೆಲ್ವ್ ಬೋರ್ ಕೋವಿ ಅಂದಮೇಲೆ ಟ್ವೆಲ್ವ್ ಬೋರ್ ತೋಟಾ ಹಾಕಿದರಾಯ್ತು, ಅಲ್ವಾ?

ಅಷ್ಟೇ ಸಾಲದು. ಬೋರ್ ಹೇಳುವುದು ನಳಿಗೆಯ ದಪ್ಪವನ್ನು ಮಾತ್ರ. ಒಂದು ಪೌಂಡು ಸೀಸದಲ್ಲಿ ಒಂದೇ ಅಳತೆಯ 12 ಗುಂಡು ಮಾಡಿದರೆ ಒಂದೊಂದು ಗುಂಡೂ ಎಷ್ಟು ದಪ್ಪ ಬರುತ್ತದೋ ಅದು 12 ಬೋರ್. ಲೆಕ್ಕಕ್ಕೆ 0.729 ಇಂಚು, ಅಂದರೆ ಸುಮಾರು 18.5 ಮಿ.ಮೀ. ತೋಟಾ ಎಷ್ಟು ಉದ್ದ ಇರಬೇಕು, ಅದರ ಒತ್ತಡವನ್ನು ನಳಿಗೆ ತಡೆಯುತ್ತದಾ ಅನ್ನುವುದನ್ನು ಬೋರ್ ಹೇಳುವುದಿಲ್ಲ. ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುವ 'ಡಿ.ಬಿ.ಬಿ.ಎಲ್. 12 ಬೋರ್' ಕೂಡ ಅಷ್ಟೇ. ಜೋಡಿ ನಳಿಗೆ, ಹಿಂದಿನಿಂದ ತೋಟಾ ಹಾಕುವ ಕೋವಿ ಅಂತ ಅದರ ಅರ್ಥ. ಬೋರ್, ಉದ್ದ, ಒತ್ತಡ, ಈ ಮೂರೂ ಹೊಂದಬೇಕು.

ತೋಟಾ ಸಲೀಸಾಗಿ ಒಳಗೆ ಹೋಯ್ತು, ಕೋವಿನೂ ಮುಚ್ಚಿಕೊಳ್ತು. ಇನ್ನೇನು ತೊಂದರೆ?

ನನ್ನನ್ನು ಅತಿ ಹೆಚ್ಚು ಹೆದರಿಸುವ ಪ್ರಶ್ನೆ ಇದು. ಒಳಗೆ ಹೋಯಿತು ಅಂದರೆ ಹೊಂದಿತು ಅಂತ ಅರ್ಥ ಅಲ್ಲ.

ಮನೆಯಲ್ಲಿ ಒಂದು ಕೆಲಸ ಮಾಡಿ ನೋಡಿ. 70 ಮಿ.ಮೀ. ತೋಟಾದ ಖಾಲಿ ಕೊಳವೆ, ಅಂದರೆ ಹೊಡೆದು ಬಿಸಾಕಿದ್ದು, ಒಂದನ್ನು ಮೇಜಿನ ಮೇಲೆ ನಿಲ್ಲಿಸಿ. ಅದೇ ಡಬ್ಬಿಯ ಹೊಡೆಯದ ತೋಟಾವನ್ನು ಪಕ್ಕದಲ್ಲಿಡಿ. ಮಕ್ಕಳ ಸ್ಕೇಲು ಹಿಡಿದು ಅಳೆಯಿರಿ. ಖಾಲಿ ಕೊಳವೆ 70 ಬರುತ್ತದೆ. ಹೊಡೆಯದ್ದು, ಬಾಯಿ ನಕ್ಷತ್ರದ ಹಾಗೆ ಮಡಚಿದ್ದಾದರೆ, ಸುಮಾರು 58 ಬರುತ್ತದೆ. ಡಬ್ಬಿಯ ಮೇಲಿನ ಉದ್ದ ಬಾಯಿ ಬಿಚ್ಚಿದ ಮೇಲಿನ ಉದ್ದ. ಹಾಗಾಗಿ 65ರ ಚೇಂಬರ್‌ಗೆ 70ರ ತೋಟಾ ಆರಾಮಾಗಿ ಇಳಿಯುತ್ತದೆ.

ಹೊಡೆದಾಗ ಏನಾಗುತ್ತದೆ? ಚೇಂಬರ್ ಅಂದರೆ ತೋಟಾ ಕೂರುವ ಜಾಗ. ಅದು ಮುಗಿಯುವ ಕಡೆ ನಳಿಗೆ ಲಾಳಿಕೆಯ ಹಾಗೆ ಕಿರಿದಾಗುತ್ತದೆ. ಉದ್ದ ತೋಟಾದ ಬಾಯಿ ಆ ಇಕ್ಕಟ್ಟಿನೊಳಗೇ ಬಿಚ್ಚಿಕೊಳ್ಳುತ್ತದೆ. ದಾರಿ ಇನ್ನೂ ಚಿಕ್ಕದಾಯಿತು. ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಅದರ ಹಿಂದಿನ ವ್ಯಾಡ್, ಅಂದರೆ ಮದ್ದಿಗೂ ಚರೆಗೂ ನಡುವಿನ ಅಡೆ, ಎಲ್ಲವೂ ಆ ಸಂದಿಯಲ್ಲೇ ನುಗ್ಗಬೇಕು, ಒತ್ತಡ ಏರುತ್ತದೆ. ಅದೂ ಅಲ್ಲದೆ 70ರ ತೋಟಾದಲ್ಲಿ ಸಾಮಾನ್ಯವಾಗಿ ಚರೆಯೂ ಮದ್ದೂ ಜಾಸ್ತಿ. ನೂರು ಈಡು ಹೊಡೆದರೂ ಏನೂ ಆಗದೇ ಇರಬಹುದು, ಹಾಗಂತ ಕೋವಿಗೆ ಪೆಟ್ಟು ಬೀಳುತ್ತಿಲ್ಲ ಅಂತ ಅಲ್ಲ. ಕೀಲು ಸಡಿಲ ಆಗುವುದು, ಮರ ಬಿರುಕು ಬಿಡುವುದು ಮೊದಲು. ಆಮೇಲೆ ನಳಿಗೆ.

65, 70, ಎರಡೂವರೆ ಇಂಚು ಅಂತೆಲ್ಲ ಹೇಳ್ತಾರೆ. ಹಳೇ ಕೋವಿಗೆ ಯಾವುದು?

ಎರಡೂವರೆ ಇಂಚಿನ ಚೇಂಬರ್‌ಗೆ 65 ಮಿ.ಮೀ., 2¾ ಇಂಚಿನದಕ್ಕೆ 70, ಮೂರು ಇಂಚಿನದಕ್ಕೆ 76. ಹಳೇ ಇಂಗ್ಲಿಷ್ 12 ಬೋರ್ ಕೋವಿಗಳಲ್ಲಿ ಹೆಚ್ಚಿನವು ಎರಡೂವರೆ ಇಂಚಿನವು. ಎರಡೇ ಇಂಚಿನ ಹಗುರ ಕೋವಿಗಳೂ ಇವೆ, ಅವಕ್ಕೆ 65 ಕೂಡ ಉದ್ದವೇ.

ಚಿಕ್ಕ ತೋಟಾವನ್ನು ಉದ್ದ ಚೇಂಬರ್‌ಗೆ ಹಾಕಬಹುದು. ಉದ್ದ ತೋಟಾವನ್ನು ಚಿಕ್ಕ ಚೇಂಬರ್‌ಗೆ ಹಾಕಬಾರದು. ಹಾಗಾಗಿ ಗೊತ್ತಿಲ್ಲದಿದ್ದಾಗ 65 ಕೇಳುವುದು ಒಳ್ಳೆಯದು, ಆದರೆ 65 ಅಂದ ಮಾತ್ರಕ್ಕೆ ಎಲ್ಲ ಹಳೇ ಕೋವಿಗೂ ಸರಿ ಅಂತ ಅಲ್ಲ. ಕಪ್ಪು ಮದ್ದಿನ ಕಾಲದ ಕೋವಿಯ ಕಥೆ ಬೇರೆ. ಅದು ಮುಂದೆ ಬರುತ್ತದೆ.

ತೋಟಾ ಎಲ್ಲಿ ತಗೊಳ್ಳೋದು? ಅಂಗಡಿಯವರು ಕೊಟ್ಟಿದ್ದೇ ತರೋದಲ್ವಾ?

ಲೈಸೆನ್ಸ್ ಇರುವ ಅಂಗಡಿಯಲ್ಲಿ ಮಾತ್ರ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಪುಣೆಯ ಹತ್ತಿರದ ಖಡ್ಕಿಯ ಸರ್ಕಾರಿ ಕಾರ್ಖಾನೆಯ ತೋಟಾ. ಅದು 65 ಮತ್ತು 70 ಎರಡೂ ಉದ್ದದಲ್ಲಿ ಬರುತ್ತದೆ. ಅಂಗಡಿಯಲ್ಲಿ ಆ ದಿನ 70 ಮಾತ್ರ ಇದ್ದರೆ "ಎಲ್ಲರೂ ಇದನ್ನೇ ತಗೊಂಡು ಹೋಗ್ತಾರೆ" ಅನ್ನುತ್ತಾರೆ. ಅವರದ್ದು ತಪ್ಪು ಅಂತ ಜಗಳಕ್ಕೆ ಹೋಗಬೇಡಿ, ಅವರು ನಿಮ್ಮ ಕೋವಿ ನೋಡಿಲ್ಲ ಅಷ್ಟೇ. ಸುಮ್ನೆ ವಾಪಸ್ ಬನ್ನಿ, ಇನ್ನೊಂದು ದಿನ ಹೋಗಿ. ಡಬ್ಬಿ ಕೈಗೆ ಬಂದ ಕೂಡಲೇ ಉದ್ದ, ಚರೆಯ ತೂಕ, ಚರೆಯ ನಂಬರ್ ಮೂರನ್ನೂ ಅಲ್ಲೇ ಓದಿ. ಬಿಡಿ ತೋಟಾ ಬೇಡ, ಡಬ್ಬಿ ಇಲ್ಲದಿದ್ದರೆ ಏನೂ ಗೊತ್ತಾಗುವುದಿಲ್ಲ.

## ಮುದ್ರೆ ಓದುವುದು

ನಮ್ಮ ಕೋವಿಯ ಚೇಂಬರ್ ಎಷ್ಟು ಉದ್ದ ಅಂತ ಎಲ್ಲಿ ಬರೆದಿರುತ್ತೆ?

ಹೊರಗಿನಿಂದ ಕಾಣುವುದಿಲ್ಲ. ಮೊದಲು ಎರಡೂ ಚೇಂಬರ್ ಖಾಲಿ ಇದೆಯಾ ನೋಡಿ. ಆಮೇಲೆ ಮುಂಗೈ ಹಿಡಿಯುವ ಮರದ ತುಂಡನ್ನು ಬಿಚ್ಚಿ, ನಳಿಗೆಗಳನ್ನು ಕಳಚಿ, ತಿರುಗಿಸಿ ಹಿಡಿಯಿರಿ. ಚೇಂಬರ್‌ನ ಅಡಿಯಲ್ಲಿ ಚಪ್ಪಟೆ ಜಾಗ ಇದೆಯಲ್ಲ, ಅಲ್ಲಿ ಸಣ್ಣ ಸಣ್ಣ ಮುದ್ರೆಗಳಿರುತ್ತವೆ. ಹಳೇ ಎಣ್ಣೆಯ ಜಿಡ್ಡು ಕೂತಿರುತ್ತದೆ, ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರ ಎದ್ದು ಕಾಣುತ್ತದೆ. ಉಜ್ಜುಕಾಗದ ಹಾಕಬೇಡಿ, ಒಬ್ಬರು ಹಾಗೆ ಉಜ್ಜಿ ಎಲ್ಲವನ್ನೂ ಅಳಿಸಿಬಿಟ್ಟಿದ್ದರು.

ಇಂಗ್ಲೆಂಡಿನ ಕೋವಿಯಾದರೆ ಹೀಗೆ ಓದಿ. 1925ರ ನಿಯಮದ ನಂತರದ್ದರಲ್ಲಿ ಚೇಂಬರ್ ಉದ್ದ ನೇರವಾಗಿ ಇರುತ್ತದೆ, 12ರ ಜೊತೆ 2½ ಅಂತ. ಅದಕ್ಕೂ ಹಳೆಯದರಲ್ಲಿ ಡೈಮಂಡ್ ಆಕಾರದೊಳಗೆ 12 ಮತ್ತು ಸಿ ಅಕ್ಷರ. 1⅛ ಔನ್ಸ್ ಅಂತ ಇದ್ದರೆ ಅದು ಕೋವಿಯ ತೂಕ ಅಲ್ಲ, ಹಾಕಬಹುದಾದ ಚರೆಯ ಹೆಚ್ಚೆಂದರೆ ತೂಕ, ಸುಮಾರು 32 ಗ್ರಾಂ. 1955ರ ನಂತರದವುಗಳಲ್ಲಿ ಒತ್ತಡವನ್ನು ಟನ್ ಲೆಕ್ಕದಲ್ಲಿ ಹೊಡೆದಿರುತ್ತಾರೆ. ಎರಡೂವರೆ ಇಂಚಿನ ಕೋವಿಗೆ ಸಾಮಾನ್ಯವಾಗಿ 3 ಟನ್, 2¾ ಇಂಚಿಗೆ 3¼, ಮೂರು ಇಂಚಿಗೆ 4. ಇನ್ನೂ ಹೊಸದರಲ್ಲಿ ಬಾರ್ ಲೆಕ್ಕ.

ಆದರೂ ಮುದ್ರೆ ಹೇಳುವುದು ಅದನ್ನು ಹೊಡೆದ ದಿನದ ಸ್ಥಿತಿಯನ್ನು. ಆಮೇಲೆ ಯಾರಾದರೂ ಚೇಂಬರ್ ಕೊರೆದಿರಬಹುದು, ನಳಿಗೆ ತುಕ್ಕು ತಿಂದಿರಬಹುದು. ಗೇಜ್ ಇಟ್ಟುಕೊಂಡಿರುವ, ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಒಮ್ಮೆ ಅಳೆಸಿ.

'ನೈಟ್ರೋ ಪ್ರೂಫ್' ಅಂತ ಇಲ್ಲ ಅಂದ್ರೆ ಏನರ್ಥ?

ಈಗ ಅಂಗಡಿಯಲ್ಲಿ ಸಿಗುವ ತೋಟಾಗಳಲ್ಲಿ ಸಾಮಾನ್ಯವಾಗಿ ಹೊಗೆ ಬರದ ನೈಟ್ರೋ ಮದ್ದು ಇರುತ್ತದೆ. ಹಿಂದೆ ಇದ್ದದ್ದು ಕಪ್ಪು ಮದ್ದು, ಬಾಯಿಯಿಂದ ಮದ್ದು ತುಂಬುವ ನಮ್ಮ ಕೇಪಿನ ಕೋವಿಗೆ ಹಾಕುವಂಥದ್ದು. ಇಂಗ್ಲೆಂಡಿನ ಪ್ರೂಫ್ ಹೌಸ್‌ಗಳು ಜಾಸ್ತಿ ಮದ್ದು ತುಂಬಿದ ಈಡು ಹೊಡೆದು ಪರೀಕ್ಷಿಸಿ ಮುದ್ರೆ ಹಾಕುತ್ತವೆ. ನೈಟ್ರೋ ಮುದ್ರೆ, ಅಂದರೆ ಆ ಪದವೋ ಕಿರೀಟದ ಕೆಳಗಿನ ಎನ್.ಪಿ. ಅಥವಾ ಬಿ.ಎನ್.ಪಿ. ಅಕ್ಷರಗಳೋ ಇಲ್ಲದಿದ್ದರೆ ಆ ನಳಿಗೆಯನ್ನು ಕಪ್ಪು ಮದ್ದಿಗೆ ಮಾತ್ರ ಪರೀಕ್ಷಿಸಿದ್ದಾರೆ ಅಂತ ತಿಳಿಯಿರಿ. ಅಂಥ ಕೋವಿಗೆ ಇವತ್ತಿನ ಅಂಗಡಿ ತೋಟಾ ಹಾಕಬೇಡಿ. 65 ಆದರೂ ಬೇಡ. "ಅಪ್ಪ ಇಪ್ಪತ್ತು ವರ್ಷ ಹಾಕಿದ್ರು" ಅನ್ನುತ್ತೀರಿ, ಗೊತ್ತು. ಅವರ ಪುಣ್ಯ ಚೆನ್ನಾಗಿತ್ತು.

ನಳಿಗೆ ಮೇಲೆ 'ನಾಟ್ ಫಾರ್ ಬಾಲ್' ಅಂತಿದೆ. ಚೆಂಡಿಗೂ ಕೋವಿಗೂ ಏನು ಸಂಬಂಧ?

ಬಾಲ್ ಅಂದರೆ ಇಲ್ಲಿ ಒಂಟಿ ದಪ್ಪ ಗುಂಡು. ನಳಿಗೆಯ ತುದಿ ಸ್ವಲ್ಪ ಕಿರಿದಾಗಿದ್ದರೆ ಅದನ್ನು ಚೋಕ್ ಅನ್ನುತ್ತಾರೆ. ಚರೆ ಒತ್ತಿಕೊಂಡು ಹೊರಗೆ ಹೋಗುತ್ತದೆ, ನಳಿಗೆಯಷ್ಟೇ ದಪ್ಪದ ಒಂಟಿ ಗುಂಡು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಮುದ್ರೆ ಇದ್ದರೆ ಕೋವಿ ಸುಮಾರು 1875ರಿಂದ 1887ರ ನಡುವಿನದ್ದು. ಆಮೇಲೆ 'ಚೋಕ್' ಅಂತಲೇ ಹೊಡೆಯತೊಡಗಿದರು. ಅಷ್ಟು ಹಳೆಯದು ಅಂದಮೇಲೆ ಮೂಲದಲ್ಲಿ ಅದು ಕಪ್ಪು ಮದ್ದಿನ ಕೋವಿ. ಆಮೇಲೆ ನೈಟ್ರೋ ಪರೀಕ್ಷೆ ಆಗಿದೆಯಾ ಅಂತ ಮುದ್ರೆಯಲ್ಲಿ ಹುಡುಕಿ.

ನಮ್ಮದು ಬೆಲ್ಜಿಯಂದು, ಮೊಟ್ಟೆ ಆಕಾರದೊಳಗೆ ಅಕ್ಷರ ಇದೆ.

ಇ.ಎಲ್.ಜಿ. ಅಕ್ಷರ ಇದ್ದರೆ ಅದು ಲಿಯೇಜ್‌ನ ಪ್ರೂಫ್ ಹೌಸ್ ಮುದ್ರೆ. ಅದೊಂದೇ ಇದ್ದರೆ ನೈಟ್ರೋ ಪರೀಕ್ಷೆ ಆಗಿದೆ ಅಂತ ಅಲ್ಲ. ಸಿಂಹದ ಕೆಳಗೆ ಪಿ.ವಿ. ಅಕ್ಷರ ಇದೆಯಾ ನೋಡಿ, ನೈಟ್ರೋ ಮುದ್ರೆ ಅದು. 65 ಅಥವಾ 70 ಅಂತ ಚೇಂಬರ್ ಉದ್ದವೂ ಮಿ.ಮೀ.ನಲ್ಲಿ ಇದ್ದರೆ ನಿಮ್ಮ ಕೆಲಸ ಸುಲಭ.

ನಳಿಗೆ ಮೇಲೆ ಹಾವಿನ ಚರ್ಮದ ಹಾಗೆ ಗೆರೆ ಇದೆ. ಡಮಾಸ್ಕಸ್ ಅಂತೆ, ತುಂಬಾ ಗಟ್ಟಿ ಅಂತೆ?

ಚೆಂದ ಇದೆ, ಅದರಲ್ಲಿ ಎರಡು ಮಾತಿಲ್ಲ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿ ಹೊಸೆದ ಹಾಗೆ ತಿರುಚಿ, ಸರಳಿಗೆ ಸುತ್ತಿ, ಕಾಯಿಸಿ ಬಡಿದು ಬೆಸೆದ ನಳಿಗೆ ಅದು. ಗೆರೆ ಬರುವುದು ಆ ಸುತ್ತಿನಿಂದ. ಒಳ್ಳೆಯ ಡಮಾಸ್ಕಸ್ ನಳಿಗೆಗಳು ನೈಟ್ರೋ ಪರೀಕ್ಷೆಯಲ್ಲಿ ಪಾಸಾಗಿರುವುದೂ ಉಂಟು. ಹಾಗಾಗಿ ಡಮಾಸ್ಕಸ್ ಅಂದ ಕೂಡಲೇ ಬಾಂಬ್ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ಅಷ್ಟು ಉದ್ದದ ಬೆಸುಗೆ. ಎಲ್ಲೋ ಒಂದು ಕಡೆ ಕಿಟ್ಟ ಸಿಕ್ಕಿಕೊಂಡಿರಬಹುದು, ತೇವ ಸೇರಿ ಒಳಗೊಳಗೇ ತುಕ್ಕು ಹಿಡಿದಿರಬಹುದು. ಕಣ್ಣಿಗೆ ಕಾಣುವುದಿಲ್ಲ. ಆಗುಂಬೆ, ಮಡಿಕೇರಿಯಂಥ ಮಳೆಯಲ್ಲಿ ನೂರು ವರ್ಷ ಕಳೆದ ನಳಿಗೆ ಬೇರೆ. ಆಮೇಲೆ, ಮಾಮೂಲಿ ನಳಿಗೆಗೆ ಮೇಲಿಂದ ಗೆರೆ ಬರೆದು ಡಮಾಸ್ಕಸ್ ಅಂತ ಮಾರಿದ ಅಗ್ಗದ ಕೋವಿಗಳೂ ಇವೆ. ನೈಟ್ರೋ ಮುದ್ರೆ ಮತ್ತು ತಿಳಿದವರ ಪರೀಕ್ಷೆ ಎರಡೂ ಇಲ್ಲದಿದ್ದರೆ ಡಮಾಸ್ಕಸ್ ನಳಿಗೆಯನ್ನು ಪೂಜೆಗೆ ಇಡಿ, ಈಡಿಗೆ ಬೇಡ.

## ಕೋವಿ ಮತ್ತು ತೋಟಾದ ಸ್ಥಿತಿ

ತೋಟಾ ಹಾಕೋ ಮುಂಚೆ ಕೋವಿಯಲ್ಲಿ ಏನು ನೋಡಬೇಕು?

ಮೊದಲನೆಯದು, ನಳಿಗೆ ಖಾಲಿ ಇದೆಯಾ. ನಮ್ಮ ಮನೆಯದ್ದೇ ಹೇಳುತ್ತೇನೆ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಯಿತು. ತಿಂಗಳುಗಟ್ಟಲೆ ಕಳೆದು ವಾಪಸ್ ಬಂತು. ಹೊರಗೆ ಕೆಂಪು ತುಕ್ಕು, ಅದಾದರೂ ಕಣ್ಣಿಗೆ ಕಂಡಿತು. ನಳಿಗೆ ಕಳಚಿ ಕಿಟಕಿಯ ಬೆಳಕಿಗೆ ಹಿಡಿದರೆ ಬಲಗಡೆಯದರಲ್ಲಿ ಆಕಾಶ ದುಂಡಗೆ ಕಾಣುತ್ತದೆ, ಎಡಗಡೆಯದು ಕತ್ತಲೆ. ಕಡ್ಡಿ ಹಾಕಿ ದೂಡಿದಾಗ ಒಣಮಣ್ಣಿನ ಪುಡಿ, ಅದರೊಳಗೆ ಒಣಗಿದ ಜೇಡ ಬಿತ್ತು. ಮಣ್ಣಿನ ಗೂಡು ಕಟ್ಟುವ ಕಡಜ ಅಲ್ಲಿ ಸಂಸಾರ ಮಾಡಿಕೊಂಡಿತ್ತು. ನೋಡದೇ ಈಡು ಹೊಡೆದಿದ್ದರೆ ನಳಿಗೆ ಅಲ್ಲಿಯೇ ಸೀಳುತ್ತಿತ್ತು. ಎಂಥ ಸರಿಯಾದ ತೋಟಾ ಹಾಕಿದ್ದರೂ ಅಷ್ಟೇ.

ಎರಡನೆಯದು, ಒಳಗಿನ ಹೊಳಪು. ಗುಳಿ ಗುಳಿ ತುಕ್ಕು, ತಗ್ಗು, ಉಬ್ಬು ಇದೆಯಾ ನೋಡಿ. ನಳಿಗೆಯನ್ನು ನಿಧಾನ ತಿರುಗಿಸಿದರೆ ಬೆಳಕಿನ ಬಳೆ ಎಲ್ಲಿ ಸೊಟ್ಟ ಆಗುತ್ತದೋ ಅಲ್ಲಿ ತಗ್ಗು. ಉಬ್ಬು ಕಂಡರೆ ಆ ಕೋವಿ ಹೊಡೆಯಬೇಡಿ. ಮೂರನೆಯದು ಕೀಲು. ಮುಂದಿನ ಮರದ ತುಂಡು ತೆಗೆದು, ಕೋವಿ ಮುಚ್ಚಿ, ಹಿಡಿಯನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕಟಕಟ ಅಂದರೆ ಸಡಿಲ. ಕಳಚಿದ ನಳಿಗೆಯನ್ನು ಕೊಕ್ಕೆಯ ಕಡೆಯಿಂದ ಬೆರಳಿಗೆ ತೂಗುಹಾಕಿ ಬೆರಳ ಗಂಟಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಬರಬೇಕು. ಒಡೆದ ಮಡಕೆಯ ಸದ್ದು ಬಂದರೆ ಎರಡು ನಳಿಗೆಗಳ ನಡುವಿನ ಬೆಸುಗೆ ಬಿಟ್ಟಿರಬಹುದು.

ನಳಿಗೆಯ ದಪ್ಪ ಮಾತ್ರ ಮನೆಯಲ್ಲಿ ತಿಳಿಯುವುದಿಲ್ಲ. ಅತಿ ತೆಳುವಾದ ಕಡೆ ಒಂದು ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 20 ಭಾಗ, ಅಂದರೆ ಅರ್ಧ ಮಿ.ಮೀ.ನಷ್ಟಾದರೂ ಇರಬೇಕು ಅನ್ನುವುದು ಇಂಗ್ಲೆಂಡಿನ ಕಸುಬುದಾರರ ಹಳೇ ಲೆಕ್ಕ. ಅದಕ್ಕೆ ಬೇರೆಯದೇ ಅಳತೆಯ ಸಾಧನ ಬೇಕು.

20 ಬೋರ್ ತೋಟಾನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ, ಪರವಾಗಿಲ್ವಾ?

ಇವತ್ತೇ ಬೇರೆ ಮಾಡಿ. 20 ಬೋರ್ ತೋಟಾವನ್ನು 12 ಬೋರ್‌ಗೆ ಹಾಕಿದರೆ ಅದು ಜಾರಿ ಚೇಂಬರ್‌ನ ಮುಂದೆ ಹೋಗಿ ಕೂರುತ್ತದೆ. ಹಿಂದಿನಿಂದ ನೋಡಿದರೆ ಖಾಲಿ ಅನ್ನಿಸುತ್ತದೆ. ಮರೆತೆ ಅಂದುಕೊಂಡು ಅದರ ಹಿಂದೆ 12ರ ತೋಟಾ ಹಾಕುತ್ತೀರಿ, ಕುದುರೆ (ಟ್ರಿಗರ್) ಎಳೆಯುತ್ತೀರಿ. ಎಡಗೈ ಹಿಡಿದ ಜಾಗದಲ್ಲೇ ನಳಿಗೆ ಒಡೆಯುತ್ತದೆ. ಈ ಕಾರಣಕ್ಕೇ ಈಗ 20 ಬೋರ್ ತೋಟಾಗಳನ್ನು ಹಳದಿ ಬಣ್ಣದಲ್ಲಿ ಮಾಡುತ್ತಾರೆ. ಹಳೆಯವು ಯಾವ ಬಣ್ಣದಲ್ಲಾದರೂ ಇರಬಹುದು.

ಅಜ್ಜನ ಪೆಟ್ಟಿಗೆಯಲ್ಲಿ ಕಾಗದದ ತೋಟಾ ಸಿಕ್ಕಿದೆ. ಹಳೇ ಕೋವಿಗೆ ಹಳೇ ತೋಟಾನೇ ಸರಿ ಅಲ್ವಾ?

ಕೇಳಲು ಸರಿ ಅನ್ನಿಸುತ್ತದೆ, ಆದರೆ ಬೇಡ. ಕಾಗದದ ಕೊಳವೆ ನಮ್ಮ ಮಳೆಗಾಲದ ತೇವಕ್ಕೆ ಉಬ್ಬುತ್ತದೆ. ಅರ್ಧ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಹೊಡೆದ ಮೇಲೆ ತಳ ಮಾತ್ರ ಕಿತ್ತು ಬಂದು ಕಾಗದ ಒಳಗೇ ಉಳಿಯುತ್ತದೆ. ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿದ್ದರಂತೂ ಮುಟ್ಟಬೇಡಿ. ಮದ್ದು ಎಷ್ಟು ಕೆಟ್ಟಿದೆ ಅಂತ ಹೊರಗಿನಿಂದ ತಿಳಿಯುವುದಿಲ್ಲ. ಒಲೆಗೋ ಬಾವಿಗೋ ಹಾಕಬೇಡಿ. ಲೈಸೆನ್ಸ್ ಅಂಗಡಿಯಲ್ಲೋ ಠಾಣೆಯಲ್ಲೋ ಕೇಳಿ ಒಪ್ಪಿಸಿ.

ಕುದುರೆ ಎಳೆದೆ, 'ಠುಸ್' ಅಂತು ಅಷ್ಟೇ. ಇನ್ನೊಂದು ಹಾಕಿ ಹೊಡೀಲಾ?

ಬೇಡ. ಠುಸ್ ಅಂದರೆ ವ್ಯಾಡ್ ಅಥವಾ ಚರೆ ನಳಿಗೆಯಲ್ಲೇ ನಿಂತಿರಬಹುದು. ಏನೂ ಸದ್ದು ಬರದಿದ್ದರೂ ನಳಿಗೆಯ ಬಾಯಿ ಸುರಕ್ಷಿತ ದಿಕ್ಕಿಗೇ ಇರಲಿ, ಒಂದು ನಿಮಿಷ ಹಾಗೇ ಹಿಡಿದಿರಿ. ತಡವಾಗಿ ಹಾರುವ ತೋಟಾಗಳುಂಟು. ಆಮೇಲೆ ಕೋವಿಯನ್ನು ಕೀಲಿನಲ್ಲಿ ಬಗ್ಗಿಸಿ ತೆರೆದು, ಎರಡೂ ತೋಟಾ ತೆಗೆದು, ನಳಿಗೆ ಕಳಚಿ, ಬೆಳಕಿಗೆ ಹಿಡಿದು ನೋಡಿ. ಆಕಾಶ ಕಂಡರೆ ಮಾತ್ರ ಮುಂದಿನ ಮಾತು.

## ಇನ್ನೂ ಸ್ವಲ್ಪ ಆಳದ ಪ್ರಶ್ನೆಗಳು

65 ಸಿಗೋದೇ ಕಷ್ಟ. ಚೇಂಬರ್ ಕೊರೆಸಿ 70 ಮಾಡಿಸಿಬಿಟ್ಟರೆ?

ಉದ್ದ ಸರಿಹೋಗುತ್ತದೆ, ಒತ್ತಡ ಸರಿಹೋಗುವುದಿಲ್ಲ. ಚೇಂಬರ್‌ನ ಮುಂದಿನ ಜಾಗದಲ್ಲೇ ಒತ್ತಡ ಇನ್ನೂ ಜೋರಾಗಿರುತ್ತದೆ, ನೀವು ಅಲ್ಲಿಯೇ ಲೋಹ ತೆಗೆದು ನಳಿಗೆ ತೆಳು ಮಾಡುತ್ತೀರಿ. ಹಿಂದಿನ ಪ್ರೂಫ್ ಮುದ್ರೆಗೂ ಆಮೇಲೆ ಬೆಲೆ ಇಲ್ಲ. ಇಂಗ್ಲೆಂಡಿನಲ್ಲಿ ಹಾಗೆ ಮಾಡಿದರೆ ಮತ್ತೆ ಪ್ರೂಫ್ ಹೌಸಿಗೆ ಕಳಿಸಿ ಹೊಸ ಮುದ್ರೆ ಹಾಕಿಸಬೇಕು. ನನ್ನ ಕೇಳಿದರೆ, ಬೇಡ.

ಒದೆತ ಕಡಿಮೆ ಇರೋ ತೋಟಾ ಹಾಕಿದರೆ ಸಾಕಲ್ವಾ?

ಭುಜಕ್ಕೆ ಬೀಳುವ ಒದೆತ ಬೇರೆ, ನಳಿಗೆಯ ಒಳಗಿನ ಒತ್ತಡ ಬೇರೆ. ಒದೆತ ನಿಂತಿರುವುದು ಚರೆಯ ತೂಕ, ಅದು ಹೋಗುವ ವೇಗ ಮತ್ತು ಕೋವಿಯ ತೂಕದ ಮೇಲೆ. ಒತ್ತಡ ನಿಂತಿರುವುದು ಮದ್ದು ಎಷ್ಟು ಬೇಗ ಉರಿಯುತ್ತದೆ ಅನ್ನುವುದರ ಮೇಲೆ. 24 ಗ್ರಾಂ ಚರೆಯ ಮೆತ್ತಗಿನ ತೋಟಾದಲ್ಲಿ ಬೇಗ ಉರಿಯುವ ಮದ್ದು ಇದ್ದರೆ ಒದೆತ ಕಡಿಮೆ, ಒತ್ತಡ ಜಾಸ್ತಿ ಇರಬಹುದು. ಹಗುರ ಚರೆ ಹಳೇ ಮರಕ್ಕೂ ಕೀಲಿಗೂ ಒಳ್ಳೆಯದು, ಅದನ್ನೇ ಆರಿಸಿ. ಆದರೆ ಡಬ್ಬಿಯ ಮೇಲೆ ನಿಮ್ಮ ಚೇಂಬರ್‌ನ ಉದ್ದ ಬರೆದಿರಲೇಬೇಕು.

ಎಲ್‌ಜಿ, ಎಸ್‌ಜಿ ಹಾಕಿದರೆ ಹಳೇ ನಳಿಗೆಗೆ ಪೆಟ್ಟಾ?

ಎಲ್‌ಜಿ ಚರೆ ಎಲ್ಲಕ್ಕಿಂತ ದಪ್ಪ, ಸುಮಾರು 9 ಮಿ.ಮೀ. ಎಸ್‌ಜಿ ಅದಕ್ಕಿಂತ ಸ್ವಲ್ಪ ಚಿಕ್ಕದು, 6ನೇ ನಂಬರ್ 2.6 ಮಿ.ಮೀ.ನಷ್ಟು. ದಪ್ಪ ಚರೆ ಬಿಗಿಯಾದ ಚೋಕ್‌ನಲ್ಲಿ ಒಟ್ಟಿಗೆ ನುಗ್ಗುವಾಗ ತೆಳು ತುದಿಗೆ ಒಳ್ಳೆಯದಲ್ಲ. ಕೋತಿ, ಹಂದಿ ಓಡಿಸಲು ಸದ್ದು ಸಾಕು, ಅದಕ್ಕೆ ಎಲ್‌ಜಿ ಯಾಕೆ? 1972ರ ವನ್ಯಜೀವಿ ಕಾಯ್ದೆ ನೆನಪಿರಲಿ.

ನಾವೇ ಕಡಿಮೆ ಮದ್ದು ಹಾಕಿ ತೋಟಾ ತುಂಬಿಸಿಕೊಂಡರೆ?

ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಆಯುಧ ಕಾಯ್ದೆಯಲ್ಲಿ ಅಪರಾಧ. ಅದು ಬಿಟ್ಟರೂ, ನೈಟ್ರೋ ಮದ್ದನ್ನು ಕಪ್ಪು ಮದ್ದಿನ ಅಳತೆಯಲ್ಲಿ ತುಂಬಿದವರ ಕೋವಿಯೂ ಉಳಿಯುವುದಿಲ್ಲ, ಕೈಯೂ ಉಳಿಯುವುದಿಲ್ಲ.

ನಾನು ಅಮೆರಿಕದಲ್ಲಿದ್ದೇನೆ, ಹಳೇ ಇಂಗ್ಲಿಷ್ ಕೋವಿ ಕೊಂಡೆ. ಇಲ್ಲಿ ಎಲ್ಲಾ ಕಡೆ 2¾ ಇಂಚಿನದೇ ಸಿಗುತ್ತೆ.

ಅಲ್ಲಿನ 2¾ ಇಂಚಿನ 12 ಬೋರ್ ತೋಟಾಗಳ ಒತ್ತಡ ಚದರ ಇಂಚಿಗೆ 11,500 ಪೌಂಡಿನವರೆಗೆ ಹೋಗಬಹುದು. 3 ಟನ್ನಿನ ಕೋವಿಗೆ ಅದು ಜಾಸ್ತಿಯಾಯಿತು. ಟನ್ ಅಳೆದ ರೀತಿ ಹಳೆಯದು, ಸುಮ್ನೆ ಗುಣಿಸಿ ಹೋಲಿಸಬೇಡಿ. ಎರಡೂವರೆ ಇಂಚಿನ ಕಡಿಮೆ ಒತ್ತಡದ ತೋಟಾ ಮಾಡುವವರು ಅಲ್ಲಿದ್ದಾರೆ, ತರಿಸಿಕೊಳ್ಳಿ. ಇನ್ನೊಂದು, ಅಲ್ಲಿ ಬಾತುಕೋಳಿ ಬೇಟೆಗೆ 1991ರಿಂದ ದೇಶದಾದ್ಯಂತ ಸೀಸದ ಚರೆ ಇಲ್ಲ. ಅದರ ಬದಲಿನ ಸ್ಟೀಲ್ ಚರೆ ಗಟ್ಟಿ, ಹಳೇ ನಳಿಗೆಯನ್ನು ಗೀರುತ್ತದೆ, ಚೋಕ್ ಉಬ್ಬಿಸುತ್ತದೆ. ಬಿಸ್ಮತ್ ಚರೆ ಮೆದು. ದುಬಾರಿಯಾದರೂ ಅದನ್ನೇ ಹುಡುಕಿ, ಅದರಲ್ಲೂ ಉದ್ದ ಮತ್ತು ಒತ್ತಡ ನೋಡಿಯೇ ತಗೊಳ್ಳಿ.

ವರ್ಷಕ್ಕೊಮ್ಮೆ ಹಬ್ಬಕ್ಕೆ ಒಂದೇ ಒಂದು ಈಡು. ಅದಕ್ಕೂ ಇಷ್ಟೆಲ್ಲಾ ನೋಡಬೇಕಾ?

ಪುತ್ತರಿಯಲ್ಲಿ, ಅಂದರೆ ಕೊಡಗಿನ ಸುಗ್ಗಿ ಹಬ್ಬದಲ್ಲಿ, ಕದಿರು ಕೊಯ್ಯುವಾಗ ಒಂದು ಈಡು ಕೇಳಿದರೆ ನನಗೂ ಮೈ ಜುಮ್ ಅನ್ನುತ್ತದೆ. ಆದರೆ ವರ್ಷವಿಡೀ ಮೂಲೆಯಲ್ಲಿದ್ದ ಕೋವಿಗೇ ಜಾಸ್ತಿ ಪರೀಕ್ಷೆ ಬೇಕು. ತುಕ್ಕು, ಗೂಡು, ಗಟ್ಟಿಯಾದ ಗ್ರೀಸು ಎಲ್ಲ ಇರುವುದು ಅದರಲ್ಲೇ. ಸುತ್ತ ಮಕ್ಕಳು ನಿಂತಿರುತ್ತಾರೆ. ಸಂಭ್ರಮಕ್ಕೆ ಹೊಡೆದ ಗುಂಡು ಬೇರೆಯವರ ಜೀವಕ್ಕೆ ಅಪಾಯ ತಂದರೆ, ಆಯುಧ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಹಬ್ಬಕ್ಕೆ ಒಂದು ವಾರ ಮುಂಚೆ ನಳಿಗೆ ಕಳಚಿ ಬೆಳಕಿಗೆ ಹಿಡಿಯಿರಿ. ತೋಟಾದ ಡಬ್ಬಿ ಓದಿ. ಏನಾದರೂ ಅನುಮಾನ ಬಂದರೆ ಕೊಡಗಿನ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂವು (ಕೋವಿ ಹೂವು) ಸಿಕ್ಕಿಸಿ ನೆಲ್ಲಕ್ಕಿ ಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ದೀಪದ ಹತ್ತಿರ ಇಡಿ, ಈಡನ್ನು ಪಕ್ಕದ ಮನೆಯ ಗಟ್ಟಿ ಕೋವಿಗೆ ಬಿಡಿ.